ಬಜೆ, ಜೇನು, ಎರಡನೇ ಕಿಟಕಿ

ಇಂಚರ ಅಂತ ಹೆಸರಿಟ್ಟವರು ನಾವೇ.
ಎರಡೂವರೆ ತುಂಬಿದರೂ ಒಂದು ಮಾತಿಲ್ಲ.
ಪ್ಲೇಹೋಮಿನ ಮಿಸ್ಸು ಫಾರಂ ಓದಿ ನನ್ನ ಮುಖ ನೋಡಿದರು,
ನಗಲೋ ಬೇಡವೋ ಎಂಬಂತೆ.

ಸಂಜೆ ಐದೂವರೆಗೆ ಚೆಲುವಾಂಬ ಪಾರ್ಕು.
ಜಾರುಬಂಡೆಯ ಪಕ್ಕದ ಸಿಮೆಂಟು ಬೆಂಚಲ್ಲಿ
ನಾವು ನಾಲ್ಕೈದು ತಾಯಂದಿರು, ಒಬ್ಬರು ತಾತ.
ಒಬ್ಬರ ಚೀಲದಲ್ಲಿ ಬಾಳೆಹಣ್ಣು, ಇನ್ನೊಬ್ಬರದರಲ್ಲಿ ಬದಲಿ ಚಡ್ಡಿ,
ಎಲ್ಲರ ಬಳಿಯೂ ಒಂದೊಂದು ಮದ್ದು.

ಬಜೆ ತೇಯ್ದು ಜೇನಲ್ಲಿ ಕಲಸಿ ನಾಲಿಗೆಗೆ ಸವರಿ,
ಭಾನುವಾರ ಭಾನುವಾರ, ಎಂದರು ನಾಗಲಾಂಬಿಕೆ.
ಗಿಣಿ ಕಚ್ಚಿದ ಸೀಬೆಹಣ್ಣು ತಿನ್ನಿಸಿ, ಎಂದರು ತಾತ.
ಇವರು ಎರಡು ವಾರ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ
ಕತ್ತೆತ್ತಿಕೊಂಡೇ ನಡೆದರು.
ಗಿಣಿಗಳಿದ್ದವು. ಸೀಬೆಮರ ಕಾಣಲಿಲ್ಲ.
ಮನೇಲಿ ಒಂದೇ ಭಾಷೆ ಆಡಿ, ಎಂದಳು ರೀನಾ.
ಒಂದೇ ಭಾಷೆ!
ಅತ್ತೆಯದು ತೆಲುಗು, ನನ್ನದು ಮಂಡ್ಯ,
ಇವರ ಮೊಬೈಲಿನದು ಇಂಗ್ಲಿಷು.

ಅವಳ ಭಾವನ ಮಗ ನಾಲ್ಕಕ್ಕೆ ಬಾಯಿ ಬಿಟ್ಟವನು
ಇವತ್ತಿನವರೆಗೂ ಮುಚ್ಚಿಲ್ಲವಂತೆ.
ಇಂಥ ಒಬ್ಬ ಹುಡುಗ
ಮೈಸೂರಿನ ಪ್ರತಿ ಮನೆಯ ನೆಂಟರಲ್ಲೂ ಇದ್ದಾನೆ.

ಯಾರೂ ಕೆಟ್ಟವರಲ್ಲ.
ಬಜೆ ತೇಯ್ದೆ. ಮಗು ಮುಖ ಕಿವುಚಿ ಉಗಿದಳು,
ನನ್ನ ನೈಟಿಯ ತುಂಬ ಕಂದು ಕಲೆ.
ಆ ರಾತ್ರಿ ಬೀರು ಮುಚ್ಚುವಾಗ
ಬೇಕೆಂದೇ ಧಡ್ ಎನ್ನಿಸಿದೆ.
ತಿರುಗಿ ನೋಡಿದಳು.
ಸದ್ಯ.

ಆದರೂ ಹೋದೆವು,
ಮಾನಸಗಂಗೋತ್ರಿಯ ಪಕ್ಕದ ಮಾತು-ಕಿವಿ ಆಸ್ಪತ್ರೆಗೆ.
ಉದ್ದ ಪಡಸಾಲೆ. ಕೆ.ಆರ್. ಪೇಟೆ, ಹುಣಸೂರು, ಮಳವಳ್ಳಿ,
ಮೊದಲ ಬಸ್ಸಿಗೆ ಹೊರಟು ಬಂದವರು.
ಅಲ್ಲಿ ಯಾರೂ ಮದ್ದು ಹೇಳಲಿಲ್ಲ.
ಹೇಳಿದ್ದು ಇಷ್ಟು:
ಎರಡ್ನೇ ಕಿಟಕಿಗೋಗವ್ವ, ಅಲ್ಲಿ ಬಿರ್ರನೆ ಆಯ್ತದೆ.
ಕಿವಿ ನೋಡೋ ರೂಮು ತಣ್ಣಗದೆ, ಸ್ವೆಟರ್ ತರ್ಬೇಕಿತ್ತು.
ಮೊಸರನ್ನ ಈಗ್ಲೇ ತಿನ್ನಿಸ್ಬುಡು, ಒಳಗ್ ಕರುದ್ರೆ ಆಗಕಿಲ್ಲ.
ಪುಟ್ಟಮಾದಮ್ಮ ತಾಳಿಸರದ ಪಿನ್ನಿನಿಂದ
ಮೊಮ್ಮಗನ ಕಿವಿಯ ಮಿಷಿನ್ನಿನ ಮುಚ್ಚಳ ಎಬ್ಬಿಸಿ,
ಹೆಸರುಬೇಳೆಯಷ್ಟು ಬ್ಯಾಟರಿ ಬದಲಿಸಿ,
ಪಿನ್ನೊಂದಿರ್ಬೇಕು ಕನವ್ವ ಯಾವಾಗ್ಲೂ, ಎಂದು
ಇನ್ನೊಂದನ್ನು ನನ್ನ ಕೈಗಿಟ್ಟರು.
ನಮಗದು ಬೇಕಾಗಲಿಲ್ಲ. ಇಸಿದುಕೊಂಡೆ.

ಕಿವಿ ಸರಿಯಿದೆ, ಎಂದಳು ಒಳಗಿನ ಹುಡುಗಿ, ಇಪ್ಪತ್ಮೂರು ಇರಬಹುದು.
ವಾರಕ್ಕೆರಡು ಸಲ ಬನ್ನಿ.
ಮಾಡುವ ಕೆಲಸವನ್ನೆಲ್ಲ ಹೇಳುತ್ತಾ ಮಾಡಿ.

ಹೇಳಿದೆ.
ಈರುಳ್ಳಿ ಹೆಚ್ಚುತ್ತಿದ್ದೇನೆ. ಕಣ್ಣು ಉರಿ.
ನಲ್ಲಿ ಬಂತು, ನಿಲ್ಲು, ಬಿಂದಿಗೆ ಇಡೋಣ.
ಅಪ್ಪ ಹಾಲಿಗೆ ಹೋದರು,
ಯಾವ ಮೂಲೆಯಲ್ಲಿ ನಿಂತು ಹರಟುತ್ತಿದ್ದಾರೋ.
ಸೊಪ್ಪಿನಲ್ಲಿ ಹುಳ. ಹಸಿರು ಹುಳ. ನೋಡು, ನಡೀತಿದೆ.
ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ
ನಾನು ಇಷ್ಟು ಮಾತಾಡಿದ್ದಿಲ್ಲ.
ಅತ್ತೆ ಟೀವಿ ಸಣ್ಣಗೆ ಮಾಡಿ ಕೇಳುತ್ತಿದ್ದರು.

ಆಷಾಢದ ಗಾಳಿ. ಒಲೆ ಮೇಲೆ ಕುಕ್ಕರಿಟ್ಟು
ಹಾರಿದ ಕ್ಲಿಪ್ಪು ಹುಡುಕುತ್ತಾ ಸೀಟಿಯ ಲೆಕ್ಕ ಮರೆತೆ.
ಹಿಂದಿನಿಂದ ಯಾರೋ ನೈಟಿ ಜಗ್ಗಿದರು.
ಮೂ.

ಓಡಿ ಒಲೆ ಆರಿಸಿದೆ.
ಬೇಳೆ ಹದವಾಗಿತ್ತು.

ಬಜೆ, ಎಂದರು ನಾಗಲಾಂಬಿಕೆ.
ಗಿಣಿ, ಎಂದರು ತಾತ.
ಗಿಣಿಯ ಎಂಜಲು ಸಿಗಲೇ ಇಲ್ಲವೆಂದು ನಾನು ಹೇಳಲಿಲ್ಲ,
ಇಬ್ಬರಿಗೂ ಹೂಂ ಅಂದೆ.

ಈಗ ಎಲ್ಲವೂ ಮೂ.
ಅಪ್ಪ ಮೂ, ನಾಯಿ ಮೂ,
ಕತ್ತಲಾದ ಮೇಲೆ ಬೆಟ್ಟದ ದೀಪಗಳೂ ಮೂ.
ಸಾಲದು, ಎಂದರು ಪ್ಲೇಹೋಮಿನ ಮಿಸ್ಸು.
ಸಾಲದು, ಗೊತ್ತು.
ನಾಳೆ ಗುರುವಾರ.
ಸ್ವೆಟರು ಚೀಲಕ್ಕೆ ಹಾಕಿದ್ದೇನೆ.